ಕಹಳೆ ಹೊರಗೆ, ಆರ್ಗನ್ ಒಳಗೆ

ದೇವರ ಮುಂದೆ ಯಾವ ವಾದ್ಯವನ್ನು ನುಡಿಸಬಹುದು, ಯಾವುದನ್ನು ನುಡಿಸಬಾರದು ಎಂಬ ಪ್ರಶ್ನೆ ಮೇಲುನೋಟಕ್ಕೆ ಸಣ್ಣದಾಗಿ ಕಾಣುತ್ತದೆ. ಮತಗಳ ಇತಿಹಾಸವನ್ನು ತಿರುವಿಹಾಕಿದವರಿಗೆ ಮಾತ್ರ ಅದು ಸಣ್ಣದಲ್ಲವೆಂದು ತಿಳಿದೀತು. ತತ್ತ್ವದಲ್ಲಿ ಒಮ್ಮತವಿದ್ದ ಭಕ್ತರೇ ಒಂದು ಪೆಟ್ಟಿಗೆಯ ವಾದ್ಯ ಸಭಾಗೃಹದೊಳಗೆ ಬಂದಿತೆಂದು ಬೇರೆಯಾಗಿ ಹೋದದ್ದುಂಟು. ಒಂದು ಮತವು ಈ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟುಕೊಂಡ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅದರ ಸಿದ್ಧಾಂತಕ್ಕಿಂತ ಹೆಚ್ಚಾಗಿ ಅದು ಬಾಳಿದ ಬಾಳಿನ ಕಥೆಯೇ ಹೊರಬೀಳುತ್ತದೆ. ಅಮೆರಿಕದ ಮಾರ್ಮನ್ನರ ಸಂಗೀತ ಇದಕ್ಕೊಂದು ಒಳ್ಳೆಯ ನಿದರ್ಶನ.

ಮಾರ್ಮನ್ನರೆಂದು ಲೋಕ ಕರೆಯುವ ಈ ಕ್ರೈಸ್ತ ಪಂಥದ ಪೂರ್ಣ ಹೆಸರು ‘ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆ’. ೨೦೧೮ರಿಂದೀಚೆಗೆ ತಮ್ಮನ್ನು ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು ಅವರು ಕೋರುತ್ತಿದ್ದಾರೆ. ಇಲ್ಲಿ ಹೇಳಹೊರಟಿರುವುದು ಬಹುಮಟ್ಟಿಗೆ ಹಿಂದಿನ ಮಾತಾದ್ದರಿಂದ ರೂಢಿಯ ಹೆಸರನ್ನೇ ಬಳಸಿದ್ದೇನೆ. ೧೮೩೦ರ ಏಪ್ರಿಲ್ ೬ರಂದು ನ್ಯೂಯಾರ್ಕ್ ಸಂಸ್ಥಾನದ ಫಯೆಟ್ ಎಂಬಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕು ವರ್ಷದ ರೈತನ ಮಗ ಈ ಸಭೆಯನ್ನು ಸ್ಥಾಪಿಸಿದ. ಇಂದು ಅದರ ಸದಸ್ಯರ ಸಂಖ್ಯೆ ಒಂದು ಕೋಟಿ ಎಪ್ಪತ್ತು ಲಕ್ಷವನ್ನು ಮೀರಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಮೆರಿಕದ ಹೊರಗಿರುವವರು.

ಭಾನುವಾರದ ಅವರ ಆರಾಧನೆ ಬಲು ಸರಳ. ಒಬ್ಬರು ಪ್ರಾರ್ಥಿಸುತ್ತಾರೆ, ಎಲ್ಲರೂ ಕೂಡಿ ಸ್ತೋತ್ರಗೀತೆಗಳನ್ನು ಹಾಡುತ್ತಾರೆ, ಕ್ರಿಸ್ತನ ನೆನಪಿಗಾಗಿ ರೊಟ್ಟಿಯ ಚೂರನ್ನೂ ನೀರನ್ನೂ ಹಂಚುತ್ತಾರೆ, ಸಭೆಯವರೇ ಒಬ್ಬಿಬ್ಬರು ಎದ್ದು ಮಾತನಾಡುತ್ತಾರೆ. ಹಾಡು ಎಷ್ಟೇ ಚೆನ್ನಾಗಿದ್ದರೂ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹಾಡಿಗೆ ಜೊತೆ ಕೊಡುವುದು ಆರ್ಗನ್, ಇಲ್ಲವಾದರೆ ಪಿಯಾನೋ. ೨೦೧೦ರಲ್ಲಿ ಸಭೆಯ ಮುಖಂಡರಿಗಾಗಿ ಹೊರಟ ಕೈಪಿಡಿಯಲ್ಲಿ ಈ ಎರಡೇ ಪ್ರಮಾಣವಾದ್ಯಗಳೆಂದು ಹೇಳಿತ್ತು. ಅಷ್ಟೇ ಅಲ್ಲ, ಎದ್ದು ಕೇಳುವ ದನಿಯುಳ್ಳ, ಭಕ್ತಿಭಾವಕ್ಕೆ ಅಷ್ಟಾಗಿ ಒಗ್ಗದ ವಾದ್ಯಗಳು, ಅಂದರೆ ಹಿತ್ತಾಳೆಯ ಊದುವಾದ್ಯಗಳಲ್ಲಿ ಮತ್ತು ಬಡಿಯುವ ವಾದ್ಯಗಳಲ್ಲಿ ಬಹುಪಾಲು, ಪ್ರಭುಭೋಜನದ ಸಭೆಗೆ ತಕ್ಕುವಲ್ಲವೆಂದೂ ಅದರಲ್ಲಿ ವಿಧಿಸಿತ್ತು.

ಈ ವಿಧಿಯನ್ನು ಓದಿದವರಿಗೆ ಎರಡು ಸಂದೇಹಗಳು ಹುಟ್ಟಬಹುದು. ಮೊದಲನೆಯದು, ಬೈಬಲಿನ ಕೀರ್ತನೆಗಳ ಕೊನೆಯದಾದ ನೂರೈವತ್ತನೆಯ ಕೀರ್ತನೆಯಲ್ಲಿ ದೇವರನ್ನು ಸ್ತುತಿಸಲು ಹೇಳಿರುವ ವಾದ್ಯಗಳ ಪಟ್ಟಿಯಲ್ಲಿ ಕೊಂಬೂ ಇದೆ, ದಮ್ಮಡಿಯೂ ಇದೆ, ಝಲ್ಲೆನ್ನುವ ತಾಳವೂ ಇದೆ. ಎರಡನೆಯದು ಇದಕ್ಕಿಂತ ಸ್ವಾರಸ್ಯವಾದದ್ದು. ಈ ಜನ ಮನೆಮಾರು ಕಳೆದುಕೊಂಡು ಹಿಮದಲ್ಲಿ ನಡೆದ ದಿನಗಳಲ್ಲಿ ಅವರಿಗೆ ಧೈರ್ಯವನ್ನೂ ಎಷ್ಟೋ ಸಲ ಕಾಳನ್ನೂ ಒದಗಿಸಿಕೊಟ್ಟದ್ದು ಹಿತ್ತಾಳೆಯ ಕಹಳೆಗಳೇ. ಆ ಕಹಳೆ ಹೊರಗುಳಿದು ಆರ್ಗನ್ ಒಳಗೆ ಬಂದದ್ದು ಹೇಗೆ?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ರೈಸ್ತರ ಆದಿಕಾಲದ ಆಚಾರ್ಯರು ವಾದ್ಯಗಳನ್ನು ಸಂಶಯದಿಂದಲೇ ಕಂಡರು. ಅವು ರೋಮನರ ನಾಟಕಶಾಲೆಗೂ ಅನ್ಯದೇವತೆಗಳ ಬಲಿಪೂಜೆಗೂ ಸೇರಿದ ವಸ್ತುಗಳೆಂಬುದು ಅವರ ಆಕ್ಷೇಪ. ಪೂರ್ವದೇಶಗಳ ಸಂಪ್ರದಾಯಸ್ಥ ಚರ್ಚುಗಳಲ್ಲಿ ಬಹುಪಾಲು ಇಂದಿಗೂ ಕೇಳುವುದು ಮನುಷ್ಯಕಂಠವೊಂದೇ. ಪಶ್ಚಿಮದಲ್ಲಿ ಆರ್ಗನ್ ಮಧ್ಯಯುಗದಲ್ಲಿ ಒಳಗೆ ಬಂದು ನೆಲೆಯೂರಿತು. ಹದಿನಾರನೆಯ ಶತಮಾನದ ಮತಸುಧಾರಣೆ ಬಂದಾಗ ಅದರ ಮೇಲೆ ಮತ್ತೆ ಕಣ್ಣು ಬಿತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನ ಸುಧಾರಕ ಜ್ವಿಂಗ್ಲಿ ತಾನೇ ಒಳ್ಳೆಯ ಸಂಗೀತಗಾರ. ಅಂಥವನ ಕಾಲದಲ್ಲೇ, ೧೫೨೭ರಲ್ಲಿ, ಅಲ್ಲಿಯ ಮಹಾಚರ್ಚಿನ ಆರ್ಗನನ್ನು ಒಡೆದುಹಾಕಲಾಯಿತು. ಇಂಗ್ಲೆಂಡಿನ ಪಾರ್ಲಿಮೆಂಟು ೧೬೪೪ರಲ್ಲಿ ಚರ್ಚುಗಳಿಂದ ಆರ್ಗನುಗಳನ್ನು ತೆಗೆದುಹಾಕುವಂತೆ ಶಾಸನ ಮಾಡಿತು. ಅಮೆರಿಕಕ್ಕೆ ಹೋಗಿ ನೆಲೆಸಿದ ಪ್ಯೂರಿಟನ್ನರು ಇದೇ ಮನೋಧರ್ಮವನ್ನು ಹಡಗಿನಲ್ಲಿ ಕೊಂಡೊಯ್ದರು. ಬಾಸ್ಟನ್ನಿನ ಥಾಮಸ್ ಬ್ರ್ಯಾಟಲ್ ೧೭೧೩ರಲ್ಲಿ ತೀರಿಕೊಂಡಾಗ ತನ್ನ ಆರ್ಗನನ್ನು ತಾನು ಹೋಗುತ್ತಿದ್ದ ಚರ್ಚಿಗೆ ಬರೆದಿಟ್ಟಿದ್ದ. ಆ ಚರ್ಚು ಅದನ್ನು ಒಲ್ಲೆನೆಂದಿತು; ಕಡೆಗೆ ಅದು ಇಂಗ್ಲಿಷ್ ಚರ್ಚಿನವರ ಪಾಲಾಯಿತು.

ಮಾರ್ಮನ್ ಪಂಥದ ಮೊದಲ ಪೀಳಿಗೆ ಬೆಳೆದದ್ದು ಇಂಥ ನೆಲದಲ್ಲಿ. ಅವರ ಎರಡನೆಯ ಮುಖಂಡ ಬ್ರಿಗ್‌ಹ್ಯಾಮ್ ಯಂಗ್ ತನ್ನ ಬಾಲ್ಯವನ್ನು ಉಪನ್ಯಾಸವೊಂದರಲ್ಲಿ ನೆನೆದುಕೊಂಡಿದ್ದಾನೆ. ಹನ್ನೊಂದು ವರ್ಷ ತುಂಬುವವರೆಗೂ ಅವನ ಕಿವಿಗೆ ಪಿಟೀಲಿನ ನಾದ ಬಿದ್ದಿರಲಿಲ್ಲವಂತೆ. ಬಿದ್ದಾಗ, ನಿಂತು ಕೇಳಿದರೆ ನರಕದ ದಾರಿ ಹಿಡಿದಂತೆಯೇ ಎಂದು ಹೆದರಿದನಂತೆ. ಈ ಹುಡುಗನೇ ದೊಡ್ಡವನಾದ ಮೇಲೆ ಮರುಭೂಮಿಯ ನಡುವೆ ನಾಟಕಶಾಲೆ ಕಟ್ಟಿಸಿ, ಕುಣಿತಕ್ಕೆ ತಾನೇ ಮುಂದಾಗಿ ನಿಂತ ಎಂಬುದನ್ನು ಗಮನಿಸಬೇಕು. ಮಕ್ಕಳಾಗಿದ್ದಾಗ ನಿಷೇಧಿಸಿದ್ದನ್ನು ಆ ಪೀಳಿಗೆ ಹಸಿದವರಂತೆ ಅಪ್ಪಿಕೊಂಡಿತು.

ಹಾಡಿಗಂತೂ ಮೊದಲಿನಿಂದಲೇ ಮನ್ನಣೆ ದೊರಕಿತ್ತು. ಸಭೆ ಸ್ಥಾಪನೆಯಾಗಿ ಮೂರೇ ತಿಂಗಳಲ್ಲಿ, ೧೮೩೦ರ ಜುಲೈನಲ್ಲಿ, ಜೋಸೆಫ್ ಸ್ಮಿತ್ ತನ್ನ ಹೆಂಡತಿ ಎಮ್ಮಾಳಿಗೆ ದೇವವಾಣಿಯೊಂದನ್ನು ತಿಳಿಸಿದ. ಪವಿತ್ರ ಗೀತೆಗಳನ್ನು ಆರಿಸಿ ಸಂಗ್ರಹಿಸುವ ಕೆಲಸ ಆಕೆಯದು. ಸಜ್ಜನರ ಹಾಡು ದೇವರಿಗೆ ಪ್ರಾರ್ಥನೆಯೇ ಎಂಬುದು ಅದರ ತಾತ್ಪರ್ಯ. ಹೆಂಗಸಿಗೆ ಚರ್ಚಿನ ಕೆಲಸದಲ್ಲಿ ಹೆಚ್ಚು ಸ್ಥಾನವಿಲ್ಲದ ಕಾಲದಲ್ಲಿ ಹಾಡಿನ ಆಯ್ಕೆ ಒಬ್ಬ ಗೃಹಿಣಿಯ ಕೈಗೆ ಬಂದದ್ದು ಗಮನಾರ್ಹ. ಡಬ್ಲ್ಯು. ಡಬ್ಲ್ಯು. ಫೆಲ್ಪ್ಸ್ ಎಂಬ ಮುದ್ರಕ-ಕವಿ ಆಕೆಗೆ ನೆರವಾದ. ಗೀತೆಗಳು ಮೊದಲು ಅಚ್ಚಾಗುತ್ತಿದ್ದ ಮಿಸೂರಿಯ ಮುದ್ರಣಾಲಯವನ್ನು ೧೮೩೩ರಲ್ಲಿ ವಿರೋಧಿಗಳ ಗುಂಪು ಧ್ವಂಸ ಮಾಡಿತು. ಪುಸ್ತಕ ಹೊರಬಂದಾಗ ಅದರ ಮುಖಪುಟದ ಮೇಲಿನ ವರ್ಷ ೧೮೩೫. ಜೇಬಿನಲ್ಲಿ ಹಿಡಿಯುವ ಆ ಪುಸ್ತಕದಲ್ಲಿ ತೊಂಬತ್ತು ಗೀತೆಗಳಿದ್ದವು; ಸ್ವರಲಿಪಿ ಒಂದಕ್ಕೂ ಇರಲಿಲ್ಲ. ಧಾಟಿ ಅವರವರಿಗೆ ಬಿಟ್ಟದ್ದು. ಛಂದಸ್ಸಿಗೆ ಹೊಂದಿದ ಯಾವ ಮಟ್ಟಾದರೂ ಆದೀತು. ಅದು ಇನ್ನೊಂದು ಚರ್ಚಿನದಾದರೂ ಸರಿ, ಊರಹಾಡಿನದಾದರೂ ಸರಿ. ಜೋಸೆಫ್ ಸ್ಮಿತ್‌ನನ್ನು ಕೊಂಡಾಡಿ ಫೆಲ್ಪ್ಸ್ ೧೮೪೪ರಲ್ಲಿ ಬರೆದ ಗೀತೆಯನ್ನು ಇಂದಿಗೂ ಸ್ಕಾಟ್‌ಲೆಂಡಿನ ಜಾನಪದ ಧಾಟಿಯೊಂದರಲ್ಲಿಯೇ ಹಾಡುತ್ತಾರೆ. ಲೌಕಿಕದ ಮಟ್ಟು ಅಲೌಕಿಕದ ಮಾತಿಗೆ ಒದಗಿಬಂದದ್ದನ್ನು ಆಗ ಯಾರೂ ತಪ್ಪೆಣಿಸಲಿಲ್ಲ.

ಇನ್ನು ಕಹಳೆಯ ಮಾತು. ಮಿಸೂರಿಯಿಂದ ಹೊರದೂಡಿಸಿಕೊಂಡ ಈ ಜನ ಇಲಿನಾಯ್ ಸಂಸ್ಥಾನದಲ್ಲಿ ಮಿಸಿಸಿಪಿ ನದಿಯ ದಡದ ಮೇಲೆ ನಾವೂ ಎಂಬ ಪಟ್ಟಣವನ್ನು ಕಟ್ಟಿದರು. ಅಲ್ಲಿ ಇಂಗ್ಲೆಂಡಿನಿಂದ ಬಂದ ವಿಲಿಯಂ ಪಿಟ್ ಎಂಬಾತನ ನೇತೃತ್ವದಲ್ಲಿ ಒಂದು ಬ್ರಾಸ್ ಬ್ಯಾಂಡ್ ಹುಟ್ಟಿತು. ೧೮೪೪ರಲ್ಲಿ ಜೋಸೆಫ್ ಸ್ಮಿತ್ ಸೆರೆಮನೆಯಲ್ಲಿ ಗುಂಪಿನ ಗುಂಡಿಗೆ ಬಲಿಯಾದ. ೧೮೪೬ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಅನುಯಾಯಿಗಳು ನದಿ ದಾಟಿ ಪಶ್ಚಿಮಕ್ಕೆ ಹೊರಟರು. ಬ್ಯಾಂಡಿನವರು ಕೂಡ ತಮ್ಮ ವಾದ್ಯಗಳೊಡನೆ ಗಾಡಿಯೇರಿದರು. ಹಿಮ ಗುಡಿಸಿ ಬಿಡಾರ ಹೂಡಿದ ಸಂಜೆಗಳಲ್ಲಿ ಬೆಂಕಿಯ ಸುತ್ತ ಕಹಳೆ, ಪಿಟೀಲುಗಳು ನುಡಿದವು, ಜನ ಕುಣಿದರು. ಅಯೋವಾ ಪ್ರಾಂತದ ಫಾರ್ಮಿಂಗ್ಟನ್, ಕಿಯೋಸಾಕ್ವಾ ಊರುಗಳವರು ಬ್ಯಾಂಡನ್ನು ಕರೆಸಿ ಕಚೇರಿ ಮಾಡಿಸಿದರು. ಈ ಧರ್ಮಭ್ರಷ್ಟರನ್ನು ಊರೊಳಗೆ ಸೇರಿಸಬಾರದೆಂದು ಹೇಳುತ್ತಿದ್ದ ನಾಡಿನಲ್ಲಿ ಕಾಸು ಕೊಟ್ಟು ಅವರ ವಾದ್ಯ ಕೇಳುವವರು ದೊರಕಿದರು. ಆ ಹಣ ದಾರಿಯ ಖರ್ಚಿಗೆ ಒದಗಿತು. ಬ್ಯಾಂಡಿನವರಲ್ಲೊಬ್ಬನಾದ ವಿಲಿಯಂ ಕ್ಲೇಟನ್, ಏಪ್ರಿಲ್ ೧೫ರಂದು, ಹಿಂದೆ ನಾವೂವಿನಲ್ಲಿ ಉಳಿದಿದ್ದ ಹೆಂಡತಿಗೆ ಗಂಡುಮಗುವಾಯಿತೆಂಬ ಸುದ್ದಿ ಕೇಳಿ ಬರೆದ ಯಾತ್ರಾಗೀತೆಯೇ ಮುಂದೆ ಆ ಪಂಥದ ಹೆಗ್ಗುರುತಾಯಿತು. ಅದರ ಧಾಟಿಯೂ ಮೊದಲೇ ಬಳಕೆಯಲ್ಲಿದ್ದದ್ದು. ಮರುವರ್ಷದ ಜನವರಿಯಲ್ಲಿ, ಚಳಿಗಾಲದ ಬಿಡಾರದಲ್ಲಿ, ಬ್ರಿಗ್‌ಹ್ಯಾಮ್ ಯಂಗ್ ತಿಳಿಸಿದ ದೇವವಾಣಿಯಲ್ಲಿ ಸಂತೋಷವಾದಾಗ ಹಾಡಿನಿಂದ, ವಾದ್ಯದಿಂದ, ಕುಣಿತದಿಂದ ದೇವರನ್ನು ಸ್ತುತಿಸಿರೆಂಬ ಅಭಿಪ್ರಾಯ ಬರುತ್ತದೆ. ಆ ಪಂಥದ ಶಾಸ್ತ್ರಗ್ರಂಥದಲ್ಲಿ ಅದು ಇಂದಿಗೂ ಇದೆ.

೧೮೪೭ರ ಜುಲೈನಲ್ಲಿ ಅವರು ಈಗಿನ ಯೂಟಾ ಸಂಸ್ಥಾನದ ಉಪ್ಪುಸರೋವರದ ಕಣಿವೆಯನ್ನು ಮುಟ್ಟಿದರು. ಅಲ್ಲಿಂದ ಕಥೆಯ ದಿಕ್ಕು ಬದಲಾಗುತ್ತದೆ. ಅಲೆಯುವವನ ವಾದ್ಯ ಬೇರೆ, ನೆಲೆನಿಂತವನ ವಾದ್ಯ ಬೇರೆ. ಕಹಳೆಯನ್ನು ಹೆಗಲಿಗೆ ಹಾಕಿಕೊಂಡು ಸಾವಿರ ಮೈಲಿ ನಡೆಯಬಹುದು. ದೊಡ್ಡ ಆರ್ಗನನ್ನು ಹೊತ್ತು ನಡೆಯಲಾಗದು. ಆರ್ಗನ್ ಕಟ್ಟುವವನು ತಾನು ಇಲ್ಲಿಯೇ ಉಳಿಯುತ್ತೇನೆಂದು ಸಾರಿದಂತೆ.

ಆ ಸಾರುವಿಕೆಯ ಕಥೆಯೂ ಸ್ವಾರಸ್ಯವಾಗಿದೆ. ಜೋಸೆಫ್ ರಿಡ್ಜಸ್ ಎಂಬ ಇಂಗ್ಲಿಷ್ ಬಡಗಿ ಆಸ್ಟ್ರೇಲಿಯಕ್ಕೆ ಹೋಗಿ, ಅಲ್ಲಿ ಈ ಪಂಥವನ್ನು ಸೇರಿ, ತಾನೇ ಒಂದು ಸಣ್ಣ ಆರ್ಗನನ್ನು ಕಟ್ಟಿದ್ದ. ಅದನ್ನು ಬಿಚ್ಚಿ ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೂ, ಅಲ್ಲಿಂದ ಗಾಡಿಗಳಲ್ಲಿ ಮರುಭೂಮಿ ದಾಟಿ ಸಾಲ್ಟ್ ಲೇಕ್ ಪಟ್ಟಣಕ್ಕೂ ತಂದರು. ಮುಂದೆ ಮಹಾಸಭಾಮಂದಿರ, ಅಂದರೆ ಟ್ಯಾಬರ್‌ನ್ಯಾಕಲ್, ಕಟ್ಟುವಾಗ ದೊಡ್ಡ ಆರ್ಗನಿನ ಕೆಲಸವನ್ನು ಅವನಿಗೇ ವಹಿಸಲಾಯಿತು. ಕೊಳವೆಗಳಿಗೆ ಬೇಕಾದ ಗಂಟಿಲ್ಲದ ಪೈನ್ ಮರ ಸಿಕ್ಕಿದ್ದು ಸುಮಾರು ಮುನ್ನೂರು ಮೈಲಿ ದಕ್ಷಿಣದ ಪೈನ್ ಕಣಿವೆಯಲ್ಲಿ. ರೈಲು ಇನ್ನೂ ಬಾರದ ಕಾಲ. ದಿಮ್ಮಿಗಳನ್ನು ಎತ್ತಿನ ಗಾಡಿಗಳಲ್ಲಿ ಸಾಗಿಸಿದರು. ೧೮೬೭ರ ಅಕ್ಟೋಬರಿನಲ್ಲಿ ಆರ್ಗನ್ ಮೊದಲು ನುಡಿದಾಗ ಅದರ ಕೆಲಸ ಇನ್ನೂ ಮುಗಿದಿರಲಿಲ್ಲ. ತಿದಿಯನ್ನು ಆಳುಗಳು ಕೈಯಿಂದ ಒತ್ತುತ್ತಿದ್ದರು. ನುಡಿಸಿದವನು ಜೋಸೆಫ್ ಡೇನ್ಸ್ ಎಂಬ ಹದಿನಾರು ವರ್ಷದ ಹುಡುಗ. ಆ ವಾದ್ಯ ಅನೇಕ ಸಲ ಪುನರ್ನಿರ್ಮಾಣಗೊಂಡು, ೧೯೪೮ರ ಹೊಸ ರೂಪದ ನಂತರ ಈಗ ಹನ್ನೊಂದು ಸಾವಿರಕ್ಕೂ ಮಿಕ್ಕ ಕೊಳವೆಗಳನ್ನು ಹೊಂದಿದೆ. ಮುಂಭಾಗದಲ್ಲಿ ಹೊಂಬಣ್ಣದಿಂದ ಹೊಳೆಯುವ ದೊಡ್ಡ ಕೊಳವೆಗಳಲ್ಲಿ ಕೆಲವು ರಿಡ್ಜಸ್ ಮಾಡಿದ ಮರದ ಕೊಳವೆಗಳೇ.

ಆರ್ಗನಿನ ಜೊತೆಗೆ ಬೆಳೆದದ್ದು ಗಾಯಕವೃಂದ. ಹಾಡುಗಾರಿಕೆಗೆ ಹೆಸರಾದ ವೇಲ್ಸ್ ನಾಡಿನಿಂದ ೧೮೪೯ರಲ್ಲಿ ಬಂದವರು ಅದಕ್ಕೆ ಬುನಾದಿ ಹಾಕಿಕೊಟ್ಟರು. ಅವರ ನಂತರ ಲಂಡನ್ನಿನಲ್ಲಿ ಶಾಸ್ತ್ರೀಯವಾಗಿ ಕಲಿತ ಜಾರ್ಜ್ ಕೇರ್‌ಲೆಸ್ ಬಂದ. ೧೮೮೯ರಲ್ಲಿ ಪಂಥದ ಸ್ವಂತ ರಚನಕಾರರ ಧಾಟಿಗಳನ್ನೊಳಗೊಂಡ ಸ್ವರಲಿಪಿಯ ಪುಸ್ತಕ ಹೊರಟಿತು. ಊರಹಾಡಿನ ಮಟ್ಟುಗಳ ಸ್ವಾತಂತ್ರ್ಯ ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಯಿತು. ನಾಲ್ಕು ಶ್ರುತಿಗಳಲ್ಲಿ ಅಚ್ಚುಕಟ್ಟಾಗಿ ಹಾಡುವ ಕ್ರಮ ಗಟ್ಟಿಯಾಯಿತು.

ಇದರ ಹಿಂದಿನ ಕಾರಣ ಕೇವಲ ಸಂಗೀತದ್ದಲ್ಲ. ಬಹುಪತ್ನೀತ್ವದ ಆಚರಣೆಯಿಂದ ಮಾರ್ಮನ್ನರು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅಮೆರಿಕದ ಸಭ್ಯ ಸಮಾಜದ ಕಣ್ಣಿಗೆ ಅನಾಗರಿಕರಾಗಿದ್ದರು. ೧೮೯೦ರಲ್ಲಿ ಅದನ್ನು ಕೈಬಿಡುವುದಾಗಿ ಪ್ರಕಟಿಸಿ, ೧೮೯೬ರಲ್ಲಿ ಯೂಟಾಗೆ ಸಂಸ್ಥಾನದ ಸ್ಥಾನವನ್ನು ಗಳಿಸಿಕೊಂಡರು. ಈ ಎರಡರ ನಡುವೆ ಬಂದದ್ದು ೧೮೯೩ರ ಚಿಕಾಗೊ ಮಹಾಪ್ರದರ್ಶನ. ಆ ಸಂದರ್ಭದಲ್ಲಿ ನಡೆದ ಸರ್ವಧರ್ಮ ಸಮ್ಮೇಳನ ನಮಗೆ ವಿವೇಕಾನಂದರಿಂದಾಗಿ ಚಿರಪರಿಚಿತ. ದೂರದ ಭಾರತದ ಸಂನ್ಯಾಸಿಗೆ ವೇದಿಕೆ ಕೊಟ್ಟ ಆ ಸಮ್ಮೇಳನ, ಮನೆಯಂಗಳದ ಮಾರ್ಮನ್ನರ ಪ್ರತಿನಿಧಿಯಾಗಿ ಹೋದ ಬಿ. ಎಚ್. ರಾಬರ್ಟ್ಸ್‌ಗೆ ಮುಖ್ಯವೇದಿಕೆಯನ್ನು ಕೊಡಲಿಲ್ಲ. ಆದರೆ ಅದೇ ಸೆಪ್ಟೆಂಬರಿನಲ್ಲಿ, ಅದೇ ಪ್ರದರ್ಶನದ ಸಂಗೀತಸ್ಪರ್ಧೆಯಲ್ಲಿ, ಇವಾನ್ ಸ್ಟೀಫನ್ಸ್ ನಡೆಸಿದ ಅವರ ಗಾಯಕವೃಂದ ಎರಡನೆಯ ಬಹುಮಾನ ಪಡೆದು ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು. ಮಾತಿಗೆ ಮುಚ್ಚಿದ ಬಾಗಿಲು ಹಾಡಿಗೆ ತೆರೆಯಿತು.

ಈ ಪಾಠವನ್ನು ಮಾರ್ಮನ್ನರು ಮರೆಯಲಿಲ್ಲ. ೧೯೨೯ರ ಜುಲೈ ೧೫ರಂದು ಅವರ ಗಾಯನದ ವಾರದ ರೇಡಿಯೋ ಪ್ರಸಾರ ಮೊದಲಾಯಿತು. ಇದ್ದದ್ದು ಒಂದೇ ಮೈಕು. ನಿರೂಪಕ ಏಣಿಯ ತುದಿಯಲ್ಲಿ ನಿಂತು ಮಾತನಾಡಬೇಕಾಯಿತು. ಆ ಪ್ರಸಾರ ಈಗಲೂ ನಡೆಯುತ್ತಿದೆ. ಫಿಲಡೆಲ್ಫಿಯ ವಾದ್ಯವೃಂದದೊಡನೆ ಹಾಡಿದ ಒಂದು ಧ್ವನಿಮುದ್ರಿಕೆಗೆ ೧೯೫೯ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಒಂದು ಕಾಲಕ್ಕೆ ಊರಿಂದೂರಿಗೆ ಅಟ್ಟಿಸಿಕೊಂಡವರು ಈಗ ಅಮೆರಿಕದ ಮನೆಮನೆಗೆ ಭಾನುವಾರದ ಗಂಭೀರನಾದವಾಗಿ ಕೇಳತೊಡಗಿದರು. ‘ತಕ್ಕ’ ಸಂಗೀತವೆಂದರೆ ಯಾವುದು ಎಂಬ ಅವರ ಕಲ್ಪನೆ ಅಚ್ಚಾದದ್ದು ಈ ವರ್ಷಗಳಲ್ಲಿ ಎಂದು ನನ್ನ ಊಹೆ. ತಾವು ಸಭ್ಯರೆಂದು ಜಗತ್ತಿಗೆ ತೋರಿಸಿಕೊಟ್ಟ ನಾದವೇ ದೇವರಿಗೂ ಒಪ್ಪುವ ನಾದವೆಂದು ಅನ್ನಿಸುವುದು ಸಹಜ.

ಅವರ ಕಟ್ಟುಪಾಡಿನಲ್ಲಿ ಬರೀ ಸಭ್ಯತೆಯ ಹಂಬಲವೇ ಇದೆಯೆಂದರೆ ಅನ್ಯಾಯವಾದೀತು. ಹಿಂದೆ ರೊಟ್ಟಿ-ನೀರು ಹಂಚುವಾಗ ಮೆಲ್ಲಗೆ ಆರ್ಗನ್ ನುಡಿಸುವ, ಒಬ್ಬರು ಹಾಡುವ ರೂಢಿ ಅನೇಕ ಕಡೆ ಇತ್ತು. ೧೯೪೬ರಲ್ಲಿ ಅವರ ಅಧ್ಯಕ್ಷಮಂಡಲಿ ಆ ಹೊತ್ತಿಗೆ ಸಂಪೂರ್ಣ ನಿಶ್ಶಬ್ದವೇ ಮೇಲೆಂದು ತಿಳಿಸಿತು. ಅಂದರೆ ಹೊರಗೆ ಹೋದದ್ದು ಕಹಳೆಯೊಂದೇ ಅಲ್ಲ. ಪೂಜೆಯ ಅತ್ಯಂತ ಪವಿತ್ರ ಗಳಿಗೆಯಲ್ಲಿ ಅವರ ಹೆಮ್ಮೆಯ ಆರ್ಗನೂ ಬಾಯಿ ಮುಚ್ಚಬೇಕು. ವಾದ್ಯ ತನ್ನ ಕಡೆಗೆ ಗಮನ ಸೆಳೆಯಬಾರದು, ಮನಸ್ಸು ಒಳಗೆ ತಿರುಗಬೇಕು ಎಂಬುದು ಇದರ ಹಿಂದಿನ ತರ್ಕ. ವಾದ್ಯದಲ್ಲಿಯೇ ದೋಷವಿದೆಯೆಂದು ಕೂಡ ಅವರು ಹೇಳುವುದಿಲ್ಲ. ೧೯೯೯ರಲ್ಲಿ ಅವರೇ ಸ್ಥಾಪಿಸಿದ ವಾದ್ಯವೃಂದದಲ್ಲಿ ಕಹಳೆ, ನಗಾರಿಗಳೆಲ್ಲ ಇವೆ. ಕಚೇರಿಗೆ ಸಲ್ಲುವುದು ಪ್ರಭುಭೋಜನಕ್ಕೆ ಸಲ್ಲದು, ಅಷ್ಟೆ. ಮದುವೆಯ ಮನೆಯ ನಾಗಸ್ವರವನ್ನು ಸಾವಿನ ಮನೆಯಲ್ಲಿ ಊದಿಸದ ನಮಗೆ ಈ ವಿವೇಚನೆ ಅರ್ಥವಾಗದ್ದೇನಲ್ಲ.

ತೊಡಕು ಇರುವುದು ಬೇರೆಡೆ. ಯಾವ ನಾದ ಮನಸ್ಸನ್ನು ಒಳಕ್ಕೆ ತಿರುಗಿಸುತ್ತದೆ ಎಂಬುದು ಎಲ್ಲ ನಾಡುಗಳಲ್ಲಿ ಒಂದೇ ಅಲ್ಲ. ಆಫ್ರಿಕದ ಘಾನಾ ದೇಶದಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬಾತ ೧೯೬೪ರಿಂದ, ಮಾರ್ಮನ್ ಗ್ರಂಥವನ್ನು ಓದಿ, ಯಾವ ಪಾದ್ರಿಯ ನೆರವೂ ಇಲ್ಲದೆ ತಾನೇ ಸಭೆಗಳನ್ನು ಕಟ್ಟಿದ. ಅಮೆರಿಕದಿಂದ ಬೋಧಕರನ್ನು ಕಳಿಸಿಕೊಡಿರೆಂದು ಅಲ್ಲಿಯವರು ವರ್ಷಗಟ್ಟಲೆ ಪತ್ರ ಬರೆದರು. ಕರಿಯ ಜನಾಂಗದವರಿಗೆ ಪೌರೋಹಿತ್ಯದ ಅಧಿಕಾರ ಕೊಡದ ನಿಯಮ ಆ ಪಂಥದಲ್ಲಿ ೧೯೭೮ರ ಜೂನ್‌ವರೆಗೂ ಇದ್ದುದರಿಂದ ಬೋಧಕರು ಬರಲಿಲ್ಲ. ಹೀಗೆ ಕಾದುಕೊಂಡಿದ್ದ ಸಭೆಗಳು ಡೋಲು ಬಡಿದು, ಕೈತಟ್ಟಿ, ಕುಣಿದು ಆರಾಧನೆ ನಡೆಸುತ್ತಿದ್ದವು. ನಿಯಮ ರದ್ದಾಗಿ ಅದೇ ವರ್ಷದ ಕೊನೆಗೆ ಬೋಧಕರು ಬಂದರು. ನೂರಾರು ಜನಕ್ಕೆ ದೀಕ್ಷೆಯಾಯಿತು. ಜೊತೆಗೆ ಭಾನುವಾರದ ಸಭೆಯಿಂದ ಡೋಲೂ ಕುಣಿತವೂ ಹೊರಗೆ ಹೋದವು.

ಈ ಪ್ರಸಂಗವನ್ನು ಅಯೋವಾದ ಹಿಮದ ಪಕ್ಕದಲ್ಲಿ ಇಟ್ಟು ನೋಡಬೇಕು. ಆಶ್ರಯವಿಲ್ಲದ ಜನ ನಂಬಿಕೆಯೊಂದನ್ನೇ ಹಿಡಿದು ಕಾಯುತ್ತಿದ್ದಾಗ ಕೈಗೆ ಸಿಕ್ಕ ವಾದ್ಯ ನುಡಿಸಿ, ಕುಣಿದು ದೇವರನ್ನು ನೆನೆದರು. ಒಂದು ಕಡೆ ಅದು ಪುಣ್ಯಚರಿತ್ರೆಯಾಯಿತು. ಇನ್ನೊಂದು ಕಡೆ ಅದು ತಿದ್ದಬೇಕಾದ ಅಭ್ಯಾಸವೆನಿಸಿತು. ವ್ಯತ್ಯಾಸ ಭಕ್ತಿಯಲ್ಲಿ ಇರಲಿಲ್ಲ. ಪ್ರಮಾಣವನ್ನು ಯಾರು ನಿಶ್ಚಯಿಸಿದರು ಎಂಬುದರಲ್ಲಿತ್ತು.

ಆ ಪಂಥದ ಒಳಗೂ ಇದನ್ನು ಅರಿತವರಿದ್ದಾರೆ. ೧೯೯೭ರಲ್ಲಿ ದೀಕ್ಷೆ ಪಡೆದ ಸುಪ್ರಸಿದ್ಧ ನೀಗ್ರೋ ಗಾಯಕಿ ಗ್ಲಾಡಿಸ್ ನೈಟ್, ತನ್ನ ಜನಾಂಗದ ಗಾಸ್ಪೆಲ್ ಶೈಲಿಯಲ್ಲಿ ಮಾರ್ಮನ್ ಗೀತೆಗಳನ್ನೂ ಹಾಡುವ ವೃಂದವೊಂದನ್ನು ಕಟ್ಟಿದಳು. ಅದರ ಧ್ವನಿಮುದ್ರಿಕೆಗೆ ೨೦೦೬ರಲ್ಲಿ ಗ್ರ್ಯಾಮಿ ದೊರಕಿತು. ಈಚಿನ ಕೈಪಿಡಿಯ ಮಾತು ಹಿಂದಿನದಕ್ಕಿಂತ ಮೃದುವಾಗಿದೆ. ಆರ್ಗನ್, ಪಿಯಾನೋಗಳು ದೊರೆಯುವ ಕಡೆ ಅವೇ ಪ್ರಮಾಣ. ಉಳಿದ ವಾದ್ಯಗಳಿಗೆ ಆಯಾ ಊರಿನ ಬಿಷಪ್, ಅಂದರೆ ಸಂಬಳವಿಲ್ಲದೆ ಸಭೆಯನ್ನು ನೋಡಿಕೊಳ್ಳುವ ಗೃಹಸ್ಥ, ಒಪ್ಪಿಗೆ ಕೊಡಬಹುದು. ೧೯೮೫ರ ಗೀತಸಂಗ್ರಹದ ಸ್ಥಾನದಲ್ಲಿ ಹೊಸದೊಂದನ್ನು ತರುವುದಾಗಿ ೨೦೧೮ರಲ್ಲಿ ಪ್ರಕಟಿಸಿ, ಲೋಕದ ಎಲ್ಲ ಕಡೆಯ ಸದಸ್ಯರಿಂದಲೂ ರಚನೆಗಳನ್ನು ಆಹ್ವಾನಿಸಿದರು. ೨೦೨೪ರ ಮೇ ತಿಂಗಳಿಂದ ಅದರ ಗೀತೆಗಳು ಕಂತುಕಂತಾಗಿ ಹೊರಬರತೊಡಗಿದವು. ಇತರ ಚರ್ಚುಗಳವರ ಪ್ರಿಯ ಗೀತೆಗಳೂ ಅವುಗಳಲ್ಲಿ ಸೇರಿವೆ. ಎಮ್ಮಾ ಸ್ಮಿತ್ತಳ ಪುಸ್ತಕದ ಔದಾರ್ಯ ಸುತ್ತಿ ಬಳಸಿ ಮತ್ತೆ ಬಾಗಿಲಿಗೆ ಬಂದಂತಾಗಿದೆ.

ಈ ಪ್ರಶ್ನೆ ನಮ್ಮ ಊರಿಗೂ ತೀರ ದೂರದ್ದಲ್ಲ. ಭಾರತದಲ್ಲಿ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಮಾರ್ಮನ್ನರು ೨೦೧೮ರಲ್ಲಿ ಪ್ರಕಟಿಸಿ, ೨೦೨೦ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿದರು. ಯೂರೋಪಿನಿಂದ ಪಾದ್ರಿಗಳ ಜೊತೆ ಬಂದ ಹಾರ್ಮೋನಿಯಂ ನಮ್ಮ ಭಜನೆಯ ಮನೆಗಳಲ್ಲಿ ಬೇರು ಬಿಟ್ಟ ಬಗೆಯನ್ನು ಬಲ್ಲವರಿಗೆ, ಆಕಾಶವಾಣಿ ಅದನ್ನು ೧೯೪೦ರಿಂದ ಮೂರು ದಶಕಗಳ ಕಾಲ ಹೊರಗಿಟ್ಟದ್ದೂ ನೆನಪಿರಬಹುದು. ವಾದ್ಯಗಳ ಯೋಗ್ಯತೆ, ಅಯೋಗ್ಯತೆಗಳು ಮರದಲ್ಲಿಯೂ ಇಲ್ಲ, ಹಿತ್ತಾಳೆಯಲ್ಲಿಯೂ ಇಲ್ಲ. ಅವು ನುಡಿದ ಕಾಲ, ಕೇಳಿದ ಜನ, ಆ ಜನದ ಮಾನಾಪಮಾನಗಳು, ಇವುಗಳಿಂದ ಹುಟ್ಟುತ್ತವೆ. ನಿಯಮ ಮಾಡುವವರು ತಮ್ಮ ಅಜ್ಜಂದಿರು ಯಾವ ವಾದ್ಯ ಹಿಡಿದು ದಾರಿ ನಡೆದರೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಪರರ ವಾದ್ಯವನ್ನು ಹೊರಗಿಡುವ ಮುನ್ನ ಒಂದು ಗಳಿಗೆಯಾದರೂ ನಿಂತು ಕೇಳಿಯಾರು.